ಘಾಟು ಬಾರದ ಭಟ್ಟಿ

ಭಟ್ಟಿಗೆ ಇಡುವ ಮೊದಲು ಪುಷ್ಪಾವತಿ ಏಳೂ ಹೆಂಗಸರನ್ನು ಹಿತ್ತಲಿನ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿದಳು. ಮಣ್ಣಿನ ಹೆಂಗಸರು. ನಿಂತವರ ಮೊಣಕಾಲಿಗೆ ಬರುವಷ್ಟು ಎತ್ತರ. ಒಬ್ಬೊಬ್ಬಳೂ ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಮೇಲೆತ್ತಿ, ಬೆನ್ನು ಬಾಗಿಸಿ, ಮುಂದಿರುವ ಕಾಣದ ರಾಶಿಗೆ ಕೈ ಹಾಕಿದ್ದಳು. ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನೊಳಗೆ ಒಮ್ಮೆ ಇಣುಕಿದವರಿಗೂ ಈ ಭಂಗಿ ಗೊತ್ತು. ಕಾಯಿಯ ತೊಟ್ಟು ಮುರಿಯುವ ಕೆಲಸ ಅದು; ಇಲ್ಲಿಯವರು ತೊಟ್ಟಿಗೆ ತುಂಬು ಅನ್ನುತ್ತಾರೆ. ಕಾಯಿ ಒಂದು ಕಡೆ, ತುಂಬು ಇನ್ನೊಂದು ಕಡೆ. ಬೆಳಿಗ್ಗೆ ಕೂತ ಹೆಂಗಸರು ಏಳುವುದು ಸಂಜೆಗೆ.

ಹಾಗೆ ಮುರಿದು ಎಸೆದ ತುಂಬನ್ನೇ ಪುಷ್ಪಾವತಿ ಚೀಲಗಟ್ಟಲೆ ತಂದು ಸುಟ್ಟಿದ್ದಳು. ಬೂದಿಯನ್ನು ತೊಳೆದು, ಸೋಸಿ, ಒಣಗಿಸಿ, ಬೇರೆ ಕಲ್ಲಿನ ಪುಡಿಗಳ ಜೊತೆ ಕಲಸಿ ಮೆರುಗು ಮಾಡಿದ್ದಳು. ಮಣ್ಣಿನ ಮೈಗೆ ಅದನ್ನು ಬಳಿದು ಸುಟ್ಟರೆ ಬೂದಿ ಕರಗಿ ಗಾಜಿನ ಪದರವಾಗಬೇಕು. ಆಗುವುದು ಅಷ್ಟು ಸುಲಭವಿರಲಿಲ್ಲ. ಒಂದು ಸಲ ಅದು ಅಂಬಲಿಯಂತೆ ಹರಿದು ಕೆಳಗಿನ ಹಾಸುಕಲ್ಲಿಗೆ ಅಂಟಿತು. ಇನ್ನೊಂದು ಸಲ ಹುಣ್ಣಿನ ಹೊಪ್ಪಳೆಯಂತೆ ಎದ್ದು ಬಂತು. ಎರಡು ವರ್ಷ ಸಣ್ಣ ಸಣ್ಣ ಬಿಲ್ಲೆಗಳ ಮೇಲೆ ಬಳಿದು, ಸುಟ್ಟು, ಒಡೆದು ನೋಡಿದ ಮೇಲೆ ಅವಳಿಗೆ ಬೇಕಾದದ್ದು ಬಂದಿತ್ತು. ಹೊಳಪಿಲ್ಲದ, ಹಳೆಯ ಗೋಣಿಚೀಲದ ಬಣ್ಣದ ಮೈ. ಮುಟ್ಟಿದರೆ ಜೋಳದ ಒಣಗಿದ ಎಲೆ, ರವದಿ, ಮುಟ್ಟಿದಂತೆ.

ಆ ಒಂದು ಬಿಲ್ಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ರಾಣೆಬೆನ್ನೂರಿನ ಸುಶ್ಮಿತಾ ಅವಳನ್ನು ಪ್ರದರ್ಶನಕ್ಕೆ ಕರೆದದ್ದು. ಬರೋಡಾದಲ್ಲಿ ಶಿಲ್ಪಕಲೆ ಓದಿ ಬಂದ ಹುಡುಗಿ ಅವಳು. ಬಹಳ ವರ್ಷಗಳಿಂದ ಮುಚ್ಚಿದ್ದ ಹತ್ತಿ ಜಿನ್ನಿಂಗ್ ಮಿಲ್ಲೊಂದನ್ನು ಗುಡಿಸಿ, ಸುಣ್ಣ ಹೊಡೆಸಿ, ಮಣ್ಣಿನಲ್ಲಿ ಕೆಲಸ ಮಾಡುವ ಹೆಂಗಸರ ಪ್ರದರ್ಶನ ಮಾಡುತ್ತಿದ್ದಳು. ಧಾರವಾಡ, ಕಲಬುರಗಿ, ಮೈಸೂರಿನಿಂದೆಲ್ಲ ಕಲಾವಿದೆಯರು ಬರುವವರಿದ್ದರು. "ಆಂಟಿ, ಏಳಕ್ಕೂ ಇದ ಮೈ ಬೇಕು ನನಗ. ನಡುವಿನ ಜಾಗ ನಿಮಗ ಇಟ್ಟೇನಿ," ಎಂದು ಹೇಳಿ ಹೋಗಿದ್ದಳು.

ಇಷ್ಟು ವರ್ಷ ಪುಷ್ಪಾವತಿಯನ್ನು ಯಾರಿಗಾದರೂ ಪರಿಚಯಿಸುವಾಗ ಒಂದೇ ಮಾತು ಇತ್ತು. "ಮೆಣಸಿನಕಾಯಿ ಅಡತಿ ವ್ಯಾಪಾರದ ಶಂಭುಲಿಂಗಪ್ಪನವರ ಮನಿಯವರು. ಹವ್ಯಾಸಕ್ಕ ಮಣ್ಣಿನ ಗೊಂಬಿ ಮಾಡತಾರ." ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳುವವರಿಗೆ ಕೆಟ್ಟ ಮನಸ್ಸೂ ಇರಲಿಲ್ಲ. ಆದರೂ ಹವ್ಯಾಸ ಅನ್ನುವ ಮಾತು ಬಂದಾಗಲೆಲ್ಲ ಅವಳಿಗೆ ಯಾರೋ ತಲೆ ಸವರಿ, ಹೋಗು ಆಟವಾಡಿಕೋ ಅಂದ ಹಾಗೆ ಆಗುತ್ತಿತ್ತು. ಮದುವೆಗೆ ಮುಂಚೆ ಧಾರವಾಡದಲ್ಲಿ ಚಿತ್ರಕಲೆ ಕಲಿತವಳು, ನಲವತ್ತು ದಾಟಿದ ಮೇಲೆ ಖಾನಾಪುರಕ್ಕೆ ಹೋಗಿ ಮಣ್ಣಿನ ಕೆಲಸ ಕಲಿತು ಬಂದವಳು. ಈಗ ಮೊದಲ ಸಲ ಅವಳ ಕೆಲಸವನ್ನು ಕೆಲಸವೆಂದು ನೋಡುವ ಕಣ್ಣುಗಳ ಮುಂದೆ ಇಡಬೇಕಿತ್ತು. ಇದು ಕೆಟ್ಟರೆ ಅವಳು ಮತ್ತೆ ಹವ್ಯಾಸಕ್ಕೆ ಮಾಡುವವಳು. ಪ್ರದರ್ಶನ ಬರುವ ಭಾನುವಾರ ಕಳೆದು ಅದರ ಮುಂದಿನ ಭಾನುವಾರ. ಇನ್ನೊಮ್ಮೆ ಮಾಡಿ, ಒಣಗಿಸಿ, ಸುಡುವಷ್ಟು ಸಮಯ ಇರಲಿಲ್ಲ.

ಅತ್ತೆ ಫಕ್ಕೀರವ್ವ ಕೋಲೂರಿಕೊಂಡು ಹಿತ್ತಲಿಗೆ ಬಂದರು. ಎಂಬತ್ತರ ಹತ್ತಿರದ ಜೀವ. ಏಳೂ ಬೊಂಬೆಗಳ ಮುಂದೆ ಒಂದೊಂದಾಗಿ ನಿಂತರು. ಕೊನೆಯಿಂದ ಎರಡನೆಯವಳ ಮುಂದೆ ತುಸು ಹೆಚ್ಚು ಹೊತ್ತು.

"ಈಕಿ ಸೆರಗ ಜಾರೇತಿ."

"ಅದು ಹಂಗ ಇರಬೇಕ್ರಿ ಅತ್ತಿ."

"ಇರಲಿ ಬಿಡು," ಎಂದು ಫಕ್ಕೀರವ್ವ ಮುಖ ತಿರುಗಿಸಿದರು. "ಬಿಸಲ ಏರೂದರಾಗ ಕೆಲಸ ಚಾಲೂ ಮಾಡು."

ಅಷ್ಟೇ. ಪುಷ್ಪಾವತಿ ಇನ್ನೇನನ್ನೂ ನಿರೀಕ್ಷಿಸಿರಲಿಲ್ಲ. ಈ ಮನೆಯಲ್ಲಿ ಚಂದದ ವಸ್ತುವನ್ನು ಚಂದ ಅನ್ನುವ ರೂಢಿ ಇಲ್ಲ. ಅವಳ ಮಗಳು ಹುಟ್ಟಿದಾಗ ತೊಟ್ಟಿಲಲ್ಲಿ ಬಗ್ಗಿ ನೋಡಿ ಫಕ್ಕೀರವ್ವ "ಕಾಗಿ ಮರಿ ಇದ್ದಂಗ ಐತಿ" ಅಂದಿದ್ದರು. ಬಾಣಂತಿ ರಾತ್ರಿಯೆಲ್ಲ ಅತ್ತಿದ್ದಳು. ಆಮೇಲೆ ಗೊತ್ತಾಯಿತು, ಅದು ಕೂಸಿಗೆ ನೆದರು ತಾಗದಿರಲಿ ಅಂತ ಆಡುವ ಮಾತು. ಗೊತ್ತಾಗಿ ಏನು ಪ್ರಯೋಜನ? ಕೆಟ್ಟ ಕಣ್ಣಿನ ಹೆದರಿಕೆಯಿಂದಲೇ ಆಗಲಿ, ನಿಜವಾಗಿ ಹಿಡಿಸದೆ ಇದ್ದುದರಿಂದಲೇ ಆಗಲಿ, ಕೇಳುವವಳ ಕಿವಿಗೆ ಎರಡೂ ಒಂದೇ. ಹೊಸ್ತಿಲ ರಂಗೋಲಿಗೆ, ಹೋಳಿಗೆಗೆ, ಕೌದಿಗೆ, ಗಣಪ್ಪನ ಮೂರ್ತಿಗೆ ಅವಳು ಒಂದು ಮಾತಿಗೆ ಕಾದು ಕಾದು, ಯಾವಾಗಲೋ ಕಾಯುವುದನ್ನು ಬಿಟ್ಟಿದ್ದಳು. ಬಿಟ್ಟಿದ್ದೇನೆ ಅಂದುಕೊಂಡಿದ್ದಳು.

ಭಟ್ಟಿ ಇದ್ದದ್ದು ಅವರದೇ ಗೋದಾಮಿನ ಹಿಂದೆ, ಬೇವಿನ ಮರಕ್ಕೆ ತುಸು ದೂರ. ಒಳಗಿಳಿದು ಕೂತರೆ ಇಬ್ಬರು ಮೂವರು ಹಿಡಿಸುವಷ್ಟು ದೊಡ್ಡದು. ಮುಂದಿನ ಸಾಲಿನಲ್ಲಿ ಮೂವರು, ಅವರ ಹಿಂದೆ ನಾಲ್ವರು. ಮರುದಿನ ಬೆಳಕು ಹರಿಯುವ ಮುನ್ನ ಬೆಂಕಿ ಹಾಕಿದಳು. ಮೊದಲು ಹತ್ತಿಕಟ್ಟಿಗೆ, ಕಾವು ಏರಿದ ಮೇಲೆ ಜಾಲಿ. ಕಟ್ಟಿಗೆ ಕೊಡಲು ರೇಣುಕವ್ವ ಬಂದಿದ್ದಳು. ಗೋದಾಮಿನಲ್ಲಿ ತುಂಬು ಮುರಿಯುವ ಗುಂಪಿನಲ್ಲಿ ಅತಿ ಹೆಚ್ಚು ಮಾತಾಡುವ ಹೆಂಗಸು.

"ಅಕ್ಕಾರ, ಇಷ್ಟ ಕಟಗ್ಯಾಗ ಇಡೀ ಓಣಿಗೆ ಮದವಿ ಅಡಗಿ ಆಗತಿತ್ತು."

"ಆಗತಿತ್ತು. ಕಟಗಿ ಕೊಡು."

"ಕೊಡತೇನ್ರಿ. ಊಟಕ್ಕ ಕರದ್ರ ಬರತಿದ್ನಿ ಅಂದ್ನಿ ಅಷ್ಟ."

ಮಧ್ಯಾಹ್ನ ದಾಟುವ ಹೊತ್ತಿಗೆ ಒಳಗಿನ ಬಣ್ಣ ಕೆಂಪು ಬಿಟ್ಟು ಹಳದಿಗೆ ತಿರುಗಿ, ಬಿಳಿಯ ಕಡೆ ನಡೆದಿತ್ತು. ಕಾವು ತಿಳಿಯಲು ಇಟ್ಟ ಸಣ್ಣ ಮಣ್ಣಿನ ಕೋನ ಇನ್ನೇನು ಬಾಗಬೇಕು. ಪುಷ್ಪಾವತಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಬೆಳಗಿನಿಂದ ಒಂದು ಲೋಟ ಚಹಾದ ಮೇಲೆ ಇದ್ದಳು. ಫಕ್ಕೀರವ್ವ ಬಂದು ಬೇವಿನ ನೆರಳಲ್ಲಿ ಕುಕ್ಕರಿಸಿದರು.

"ಹೋಗಿ ಒಂದ ರೊಟ್ಟಿ ಉಂಡ ಬಾ. ನಾ ಇಲ್ಲೇ ಕುಂತಿರತೇನಿ. ರೇಣವ್ವ ಅದಾಳಲ್ಲ."

"ಈಗ ಬಿಟ್ಟ ಹೋಗಾಕ ಬರಂಗಿಲ್ರಿ."

"ನೀ ಬಿದ್ರ ಎತ್ತಾವರ್ಯಾರು? ಹೋಗಂದ್ರ ಹೋಗು."

ಆ ದನಿಯಲ್ಲಿ ಏನೋ ಮೆತ್ತಗಿತ್ತು. ಅದಕ್ಕೇ ಅವಳು ಎದ್ದು ಹೋದಳು. ಅಡುಗೆಮನೆಯಲ್ಲಿ ನಿಂತೇ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಅದ್ದುತ್ತಿರುವಾಗ ಕಿಟಕಿಯಿಂದ ಚಿಮಣಿ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ಹಿಂಜಿದ ಹತ್ತಿಯ ಹಾಗೆ ದಟ್ಟ ಬಿಳಿ ಹೊಗೆ ಎದ್ದಿತು. ರೇಣುಕವ್ವ ಹಸಿ ಕಟ್ಟಿಗೆ ಕೊಟ್ಟಳೇನೋ ಅಂದುಕೊಂಡು ಕೈ ತೊಳೆದು ಓಡಿದಳು. ಅವಳು ಬರುವಷ್ಟರಲ್ಲಿ ಹೊಗೆ ತಿಳಿಯಾಗಿತ್ತು. ಫಕ್ಕೀರವ್ವ ಸೆರಗನ್ನು ಮೂಗಿಗೆ ಹಿಡಿದು ಕೂತಿದ್ದರು. ರೇಣುಕವ್ವ ಬೇವಿನ ಮರದ ತುದಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಕೋನ ಬಾಗಿತ್ತು. ಪುಷ್ಪಾವತಿ ಬೆಂಕಿ ನಿಲ್ಲಿಸಿ, ಭಟ್ಟಿಯ ಬಾಯಿಗೆ ಇಟ್ಟಿಗೆ ಇಟ್ಟು ಕೆಸರು ಮೆತ್ತಿದಳು.

ತಣ್ಣಗಾಗಲು ಬಿಟ್ಟು, ಮೂರನೆಯ ದಿನ ಬೆಳಿಗ್ಗೆ ಇಟ್ಟಿಗೆ ತೆಗೆದಳು.

ಮುಂದಿನ ಸಾಲಿನ ಮೂವರು ಹೊಳೆಯುತ್ತಿದ್ದರು. ಬೆಂಕಿಯ ಕಡೆಗಿದ್ದ ಮುಖ, ತೋಳು, ಎದೆ, ಎತ್ತಿದ ಮೊಣಕಾಲು ಎಲ್ಲ ಜೋನಿಬೆಲ್ಲ ಸುರಿದ ಹಾಗೆ ಕಂದು ಬಣ್ಣಕ್ಕೆ ತಿರುಗಿ, ಒದ್ದೆಯಾಗಿದ್ದಂತೆ ಮಿರುಗುತ್ತಿದ್ದವು. ಮೊಣಕೈಯಿಂದ ಹಸಿರು ಛಾಯೆಯ ಹನಿಯೊಂದು ಇಳಿದು ಅರ್ಧಕ್ಕೆ ನಿಂತಿತ್ತು. ಹತ್ತಿರದಿಂದ ನೋಡಿದರೆ ನಿಂಬೆಹಣ್ಣಿನ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿ. ಬೆನ್ನು ಮಾತ್ರ ಅವಳು ಬಯಸಿದ ಬೂದಿಯ ಬಣ್ಣದಲ್ಲೇ ಒಣಗಿ ಕೂತಿತ್ತು. ಹಿಂದಿನ ಸಾಲಿನ ನಾಲ್ವರಿಗೆ ಏನೂ ಆಗಿರಲಿಲ್ಲ. ಮುಂದಿನವರು ಅವರಿಗೆ ಮರೆಯಾಗಿದ್ದರು.

ಪುಷ್ಪಾವತಿ ಆ ಗುಳಿಗಳ ಮೇಲೆ ಬೆರಳಾಡಿಸಿದಳು. ಇಂಥ ಮೈಯನ್ನು ಅವಳು ಚಿತ್ರದಲ್ಲಿ ನೋಡಿದ್ದಳು. ಉರಿಯ ತುದಿಯಲ್ಲಿರುವ ಭಟ್ಟಿಗೆ ಉಪ್ಪು ಎಸೆದರೆ ಅದು ಆವಿಯಾಗಿ ಮಣ್ಣಿನ ಮೇಲೆ ಕೂತು ಗಾಜಾಗುತ್ತದೆ. ದೂರದ ದೇಶಗಳಲ್ಲಿ ಕುಂಬಾರರು ಬೇಕೆಂದೇ ಹೀಗೆ ಮಾಡುತ್ತಾರೆ. ಆದರೆ ಬ್ಯಾಡಗಿಯಲ್ಲಿ, ತನ್ನ ಭಟ್ಟಿಗೆ?

"ರೇಣವ್ವಾ, ಅವತ್ತ ಭಟ್ಟಿಯೊಳಗ ಏನ ಹಾಕಿದಿ?"

"ಕಟಗಿ ಹಾಕಿದ್ನಿರಿ."

"ಕಟಗಿ ಬಿಟ್ಟು?"

"ಕಟಗಿ ಬಿಟ್ಟು *ನಾ* ಏನೂ ಹಾಕಿಲ್ರಿ ಅಕ್ಕಾರ."

"ಆಕಿನ್ನ ಯಾಕ ಕೇಳತಿ?" ಬಾಗಿಲಲ್ಲಿ ನಿಂತಿದ್ದ ಫಕ್ಕೀರವ್ವ ಅಂದರು. "ನಾ ಹಾಕೇನಿ. ಉಪ್ಪು, ಮೆಣಸಿನಕಾಯಿ. ನೆದರ ತಗದೇನಿ."

ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ನಿವಾಳಿಸಿ ಇಳಿ ತೆಗೆದು, ಒಲೆಗೆ ಹಾಕುವುದು ಈ ಮನೆಯಲ್ಲಿ ವಾರಕ್ಕೊಮ್ಮೆ ನಡೆಯುವ ಸಂಗತಿ. ಒಲೆಗೆ ಹಾಕುವುದನ್ನು ಅತ್ತೆ ಭಟ್ಟಿಗೆ ಹಾಕಿದ್ದಾರೆ.

"ಒಂದ ಹಿಡಿ ಉಪ್ಪಿಗೆ ಇಷ್ಟ ಆಗಂಗಿಲ್ರಿ. ಎಷ್ಟ ಹಾಕೀರಿ?"

"ಮೊದಲ ಒಂದ ಹಿಡಿನ. ಕಾಯಿ ಸುಟ್ರೂ ಘಾಟ ಬರಲಿಲ್ಲವ್ವಾ. ಒಂದ ಕೆಮ್ಮ ಇಲ್ಲ, ಒಂದ ಸೀನ ಇಲ್ಲ! ಘಾಟ ಬರಲಿಲ್ಲಂದ್ರ ನೆದರ ಗಟ್ಟಿ ಆಗೇತಿ ಅಂತ ಅಲ್ಲೇನು? ಮತ್ತ ಹಾಕಿದ್ನಿ. ಆಗೂ ಬರಲಿಲ್ಲ. ಆಮ್ಯಾಲೆ ರೇಣವ್ವಗ ಭರಣಿನ ತಾ ಅಂದ್ನಿ."

"ಭರಣಿ?"

"ಹರಳುಪ್ಪಿನ ಭರಣಿ. ಬರಿದ ಆಗೂ ಮಟಾ ಹಾಕಿದ್ನಿ."

"ನಾ ಹೇಳಿದ್ನಿರಿ ಅಕ್ಕಾರ," ರೇಣುಕವ್ವನಿಗೆ ಈಗ ಧೈರ್ಯ ಬಂದಿತ್ತು. "ಬ್ಯಾಡಗಿ ಕಾಯಿಗೆ ಬಣ್ಣ ಅಷ್ಟ, ಘಾಟ ಎಲ್ಲಿದು ಅಂತ. ಗುಂಟೂರ ಕಾಯಿ ತರತೇನಿ, ಎರಡಕ್ಕ ಕೆಲಸ ಆಗತೈತಿ ಅಂದ್ನಿ. ಅಮ್ಮಾರು ಕೇಳಲಿಲ್ಲ."

ಆ ಕಾವಿನಲ್ಲಿ ಯಾವ ಊರಿನ ಕಾಯಿಯೂ ಘಾಟು ಕೊಡುವುದಿಲ್ಲ, ಕಣ್ಣು ಮಿಟುಕಿಸುವುದರೊಳಗೆ ಇಲ್ಲವಾಗುತ್ತದೆ ಎಂದು ಪುಷ್ಪಾವತಿ ಹೇಳಬೇಕೆಂದುಕೊಂಡಳು. ಹೇಳಲು ಬಾಯಿ ತೆರೆದರೆ ಬೇರೆಯದೇ ಬಂತು.

"ಯಾರ ನೆದರ್ರಿ ಅತ್ತಿ? ಯಾರ ಬಂದಿದ್ರು ಇಲ್ಲಿ ನೋಡಾಕ? ಎರಡ ವರ್ಷದ ಕೆಲಸರಿ ಇದು!"

"ನಂದ."

"ಏನು?"

"ನಂದ ನೆದರ." ಫಕ್ಕೀರವ್ವ ಕೋಲಿನ ಮೇಲೆ ಎರಡೂ ಕೈ ಇಟ್ಟರು. "ಅವತ್ತ ಮುಂಜಾನಿ ಕಟ್ಟಿ ಮ್ಯಾಲ ಕುಂದರಿಸಿದ್ದೆಲ್ಲ, ನೋಡಿದ್ನಿ. ಎದಿ ಝಲ್ ಅಂತು. ಎಷ್ಟ ಚಂದ ಮಾಡ್ಯಾಳಲ್ಲ ಇಕಿ ಅಂತ ಮನಸಿನ್ಯಾಗ ಅಂದಬಿಟ್ನಿ. ಆಮ್ಯಾಲೆ ಇಡೀ ದಿನ ಜೀವಕ್ಕ ಸಮಾಧಾನ ಇಲ್ಲ. ಹೊರಗಿನವರ ಕಣ್ಣರ ದೂರ ಇರತಾವು. ಮನಿಯವರ ಕಣ್ಣ ಬಿದ್ರ ಹೆಂಗ?"

ಪುಷ್ಪಾವತಿ ಅಲ್ಲಿ ನಿಲ್ಲಲಿಲ್ಲ. ನಲ್ಲಿಯ ಹತ್ತಿರ ಹೋಗಿ, ಕೈಯಲ್ಲಿ ಏನೂ ಕೊಳೆ ಇಲ್ಲದಿದ್ದರೂ ತೊಳೆಯುತ್ತ ನಿಂತಳು. ಅಷ್ಟು ವರ್ಷ ಬರದ ಮಾತು ಬಂದಿತ್ತು. ಬರಬಾರದ ಹೊತ್ತಿಗೆ ಬಂದಿತ್ತು. ಅದನ್ನು ತೆಗೆದುಕೊಳ್ಳಲು ಅವಳ ಹತ್ತಿರ ಆಗ ಕೈಯೇ ಇರಲಿಲ್ಲ. ಸಿಟ್ಟು ಇತ್ತು, ಸಿಟ್ಟಿನ ತಳದಲ್ಲಿ ಇನ್ನೇನೋ ಅಲ್ಲಾಡುತ್ತಿತ್ತು, ಆ ಇನ್ನೇನೋ ಇರುವುದಕ್ಕೇ ಅವಳಿಗೆ ಸಿಟ್ಟು ಹೆಚ್ಚಾಯಿತು.

ಮಧ್ಯಾಹ್ನ ಸುಶ್ಮಿತಾಳ ಫೋನು ಬಂತು. ಹಿಂದೆ ಸುತ್ತಿಗೆಯ ಸದ್ದು, ಯಾರನ್ನೋ ಕೂಗುವ ಸದ್ದು. "ಆಂಟಿ, ಭಟ್ಟಿ ತಗದ್ರಿ? ಮೈ ಹಂಗ ಬಂದೈತಲ್ಲ?"

"ಬಂದೈತಿ," ಅಂದಳು ಪುಷ್ಪಾವತಿ. ನಾಲ್ವರ ಮಟ್ಟಿಗೆ ಅದು ಖರೆ.

"ಶುಕ್ರವಾರ ಟೆಂಪೋ ಕಳಸತೇನ್ರಿ," ಎಂದು ಹುಡುಗಿ ಫೋನಿಟ್ಟಳು.

ಸಂಜೆ ಅಡತಿ ಅಂಗಡಿಯಿಂದ ಬಂದ ಶಂಭುಲಿಂಗಪ್ಪ ಎಲ್ಲ ಕೇಳಿ ಮೊದಲು ನಕ್ಕ. ಹೆಂಡತಿಯ ಮುಖ ನೋಡಿ ನಗು ನುಂಗಿದ. ಹಿತ್ತಲಿಗೆ ಹೋಗಿ ಏಳನ್ನೂ ಮಾಲಿನ ಚೀಲ ನೋಡುವ ಹಾಗೆ ನೋಡಿ ಬಂದ.

"ನಾಕ ಚಲೋ ಅದಾವಲ್ಲ. ನಾಕ ಕಳಸು. ಏಳ ಅಂದಿದ್ದಿ ಅಂತ ಯಾರ ಕೋರ್ಟಿಗೆ ಹೋಗತಾರೇನು?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಲ್ಕು ಕಳಿಸಿದರೆ ಸುಶ್ಮಿತಾಳಿಗೆ ಬೇಕಾದ ಮೈ ಸಿಗುತ್ತದೆ, ಇವಳ ಹೆಸರೂ ಉಳಿಯುತ್ತದೆ. ಮೂವರನ್ನು ಅಟ್ಟಕ್ಕೆ ಏರಿಸಿದರಾಯಿತು. ರಾತ್ರಿ ಮಲಗುವ ಮುನ್ನ ಅವಳು ಹಾಗೇ ಎಂದು ನಿರ್ಧರಿಸಿದಳು. ನಿರ್ಧರಿಸಿದ ಮೇಲೆ ಹಗುರಾಗಬೇಕಿತ್ತು. ಆಗಲಿಲ್ಲ.

ಮರುದಿನ, ಬೊಂಬೆಗಳ ಸುತ್ತ ತುಂಬಲು ಒಣಹುಲ್ಲು ಕೇಳಲೆಂದು ಗೋದಾಮಿಗೆ ಹೋದಳು. ತಗಡಿನ ಮಾಡಿನ ಕೆಳಗೆ ಮಾರ್ಚಿನ ಸೆಕೆ ಒತ್ತಿ ಕೂತಿತ್ತು. ಕೆಂಪು ರಾಶಿಯ ಈಚೆಗೆ ಸಾಲುಸಾಲಾಗಿ ಇಪ್ಪತ್ತು ಮೂವತ್ತು ಹೆಂಗಸರು. ಎಲ್ಲರ ಬೆನ್ನೂ ಬಾಗಿಲಿಗೆ. ಅವಳು ಯಾವಾಗಲೂ ನಿಲ್ಲುವ ಕಡೆಯೇ, ಬಾಗಿಲ ಚೌಕಟ್ಟಿಗೆ ಆನಿಸಿ ನಿಂತಳು. ಈ ಚೌಕಟ್ಟಿನಲ್ಲಿ ನಿಂತು ಅವಳು ಎಷ್ಟೋ ಸಲ ಇವರ ಚಿತ್ರ ಬರೆದುಕೊಂಡಿದ್ದಳು.

"ಏನ್ರಿ ಅಕ್ಕಾರ, ಮಾಲಕರು ಮಾಲ ನೋಡಿದಂಗ ನಿಂತೀರಿ?" ರೇಣುಕವ್ವ ತಿರುಗದೆಯೇ ಕೂಗಿದಳು. "ಒಂದ ಸರ್ತಿ ಕುಂತರ ನೋಡ್ರಿ. ಸೀರಿ ಕೆಂಪಾದ್ರ ನಾ ಒಗದ ಕೊಡತೇನಿ."

ಉಳಿದವರು ನಕ್ಕರು. "ಅಕ್ಕಾರ ಕುಂತ್ರ ಮೊಣಕಾಲ ಬಾಯಿಗೆ ಬರತಾವು ಬಿಡ್ರಿ," ಎಂದಳು ಇನ್ನೊಬ್ಬಳು.

ನಗುವಿಗೆ ಸೋತೋ, ಸುಮ್ಮನೆ ದಣಿದೋ, ಪುಷ್ಪಾವತಿ ರಾಶಿಯನ್ನು ಬಳಸಿ ಹೋಗಿ ಅವರ ಎದುರಿಗೆ, ಒಳಗಿನ ಗೋಡೆಯ ಕಡೆ ಕೂತಳು. ಒಂದು ಕಾಲು ಮಡಚಿ, ಒಂದು ಮೊಣಕಾಲು ಎತ್ತಿ. ಒಂದು ಕಾಯಿ ತೆಗೆದುಕೊಂಡು ತುಂಬು ಮುರಿದಳು. ಟಕ್ ಎಂದು ಸಣ್ಣ ಸದ್ದು. ತಲೆ ಎತ್ತಿದಳು.

ಕೆಲಸಕ್ಕೆ ಕೂತ ಇವರ ಮುಂಭಾಗವನ್ನು ಅವಳು ನೋಡಿಯೇ ಇರಲಿಲ್ಲ.

ಕಂಡದ್ದು ಯಾವಾಗಲೂ ಬೆನ್ನು. ಕಾಯಿಯ ಧೂಳು ಕೂತು ಮಬ್ಬಾದ ಕುಪ್ಪಸ, ಒಣಗಿದ ಸೆರಗು, ಬೂದಿ ಬಣ್ಣದ ಮೌನ. ಅದನ್ನೇ ನೋಡಿ, ಅದನ್ನೇ ಪ್ರೀತಿಸಿ, ಬೊಂಬೆಗಳ ಮುಂದಕ್ಕೂ ಹಿಂದಕ್ಕೂ ಅದೇ ಮೈ ಬಳಿದಿದ್ದಳು. ಇಲ್ಲಿ ಎದುರಿಗೆ ಕೂತರೆ ಒಂದೂ ಒಣಗಿದ ಮುಖವಿರಲಿಲ್ಲ. ತುಟಿಯ ಮೇಲೆ, ಕೊರಳ ಗುಳಿಯಲ್ಲಿ, ತೋಳುಗಳ ಮೇಲೆ ಬೆವರು ಮಿರುಗುತ್ತಿತ್ತು. ರೇಣುಕವ್ವನ ಮೊಣಕೈಯಿಂದ ಒಂದು ಹನಿ ಇಳಿದು, ಅರ್ಧಕ್ಕೆ ನಿಂತು, ರಾಶಿಗೆ ಬಿತ್ತು. ಬಾಗಿಲ ಹತ್ತಿರ ಕೂತವರಿಗೆ ತುಸು ಗಾಳಿ ಇತ್ತು. ಅವರು ಅಷ್ಟು ಬೆವೆತಿರಲಿಲ್ಲ. ಒಳಗೆ ಕೂತವರು ಒದ್ದೆಮುದ್ದೆ.

ಬೆವರು ಒರೆಸಿಕೊಳ್ಳಲು ಯಾರೂ ಕೈ ಎತ್ತುತ್ತಿರಲಿಲ್ಲ. ಪುಷ್ಪಾವತಿ ಅರಿವಿಲ್ಲದೆ ಹಣೆ ಒರೆಸಿಕೊಂಡಳು. ಮರುಕ್ಷಣ ರೆಪ್ಪೆಗಳು ಹತ್ತಿ ಉರಿದವು.

"ಅಯ್ಯ ಅಯ್ಯ, ಮಾರಿ ಮುಟ್ಟಬ್ಯಾಡ್ರಿ!" ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರು. ಯಾರೋ ನೀರಿನ ತಂಬಿಗೆ ಚಾಚಿದರು. ಉರಿಯುವ ಕಣ್ಣಿಗೆ ನೀರು ಹಾಕಿಕೊಳ್ಳುತ್ತ ಪುಷ್ಪಾವತಿ ನಗುತ್ತಿದ್ದಳು. ಹುಲ್ಲು ಕೇಳುವುದನ್ನು ಮರೆತು ಹಾಗೇ ಮನೆಯ ಕಡೆ ನಡೆದಳು.

ಹಿತ್ತಲಿನಲ್ಲಿ ಫಕ್ಕೀರವ್ವ ಹೊಳೆಯುವ ಬೊಂಬೆಯೊಂದರ ಮುಂದೆ ಕೂತು ಹುಣಸೆಹಣ್ಣು, ತೆಂಗಿನ ಚಿಪ್ಪಿನ ನಾರು ಇಟ್ಟುಕೊಂಡು ತಿಕ್ಕುತ್ತಿದ್ದರು. ಸೆರಗು ಜಾರಿದ ಬೊಂಬೆ ಅದು. ಪೂಜೆಯ ತಂಬಿಗೆ ಬೆಳಗುವಷ್ಟೇ ಶ್ರದ್ಧೆ. ಆದರೆ ಇಲ್ಲಿ ಹೊಳಪು ಹೋಗಲಿ ಅಂತ.

"ಹೋಗವಲ್ಲದು," ಅಂದರು ತಲೆ ಎತ್ತದೆ.

"ಹೋಗಂಗಿಲ್ರಿ ಅತ್ತಿ. ಅದು ಗಾಜ ಆಗೇತಿ."

"ನಿನ್ನಿಯಿಂದ ನೀ ಒಂದ ಮಾತ ಆಡಿಲ್ಲ."

"ಆಡಾಕ ಬರಲಿಲ್ರಿ."

ಪುಷ್ಪಾವತಿ ಅವರ ಪಕ್ಕದಲ್ಲಿ ಕೂತಳು. ಕೂತ ಎತ್ತರದಿಂದ, ಎದುರಿನಿಂದ ನೋಡಿದಳು. ಬಾಗಿದ ತಲೆಯ ಕೆಳಗೆ ಒದ್ದೆಯಾದ ಕೊರಳು. ತೋಳಿನ ಮೇಲೆ ನಿಂತ ಹನಿ. ಈ ಹೆಂಗಸು ಕೆಲಸ ಮಾಡುತ್ತಿದ್ದಳು. ಅಲ್ಲಿ ಹಿಂದಿನ ನಾಲ್ವರು ಇನ್ನೂ ಚಿತ್ರಕ್ಕೆ ಕೂತವರ ಹಾಗೆ ಇದ್ದರು.

"ಬಿಡ್ರಿ, ತಿಕ್ಕಬ್ಯಾಡ್ರಿ. ಚಂದ ಐತಿ."

"ಥೂ ಥೂ! ಬಾಯಿ ಮುಚ್ಚು!" ಫಕ್ಕೀರವ್ವ ಗಾಬರಿಯಿಂದ ಬೊಂಬೆಯ ತಲೆ ಸವರಿ, ಬೆರಳುಗಳನ್ನು ತಮ್ಮ ಕಪಾಲಕ್ಕೆ ಒತ್ತಿ ನೆಟಿಗೆ ಮುರಿದರು. "ಭರಣ್ಯಾಗ ಉಪ್ಪಿಲ್ಲ ಇನ್ನ."

ಇಬ್ಬರೂ ಒಂದು ಗಳಿಗೆ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕಿದ್ದು ಯಾರೋ ಗೊತ್ತಾಗಲಿಲ್ಲ. ಫಕ್ಕೀರವ್ವ ನಗುತ್ತ ನಗುತ್ತ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಬೊಂಬೆಯ ಜಾರಿದ ಸೆರಗಿನ ಮೇಲೆ ಬೆರಳಿಟ್ಟರು.

"ನಾನೂ ಕುಂತಾಕಿ, ಗೊತ್ತೈತೇನು? ಈ ಮನಿಗೆ ಬಂದ ಮೊದಲನೇ ಸುಗ್ಗ್ಯಾಗ ಆಳ ಸಿಗಲಿಲ್ಲ. ನಿಮ್ಮ ಮಾವ ಕುಂದ್ರ ಅಂದ್ರು. ನಮ್ಮ ಗಳಗನಾಥದಾಗ ಹೊಳಿ ದಂಡಿ ಮ್ಯಾಲ ಬೆಳದಾಕಿ ನಾ, ಕಾಯಿ ಗೊತ್ತ ಎಲ್ಲಿದು? ಸೆರಗ ಜಾರತಿತ್ತು. ಕೈಯಾಗ ಖಾರ. ಸರಿ ಮಾಡಕೊಂಡ್ರ ಮೈ ಉರಿ. ಗಂಡಸರು ಹಾದ ಹೋಗವರು, ನಾ ಹಂಗ ತಲಿ ಬಗ್ಗಿಸಿ ಕುಂತಿರತಿದ್ನಿ." ಪುಷ್ಪಾವತಿಯ ಕಡೆ ತಿರುಗಿ, "ನಿನಗ ಯಾರ ಹೇಳಿದ್ರು?" ಎಂದು ಕೇಳಿದರು.

"ಯಾರೂ ಹೇಳಿಲ್ರಿ. ಹಂಗ ಕೈಗೆ ಬಂತು."

"ಹೂಂ," ಅಂದರು ಫಕ್ಕೀರವ್ವ. ಹುಣಸೆಹಣ್ಣಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ತಮ್ಮ ಸೆರಗಿನಿಂದ ಬೊಂಬೆಯ ಮೇಲಿನ ಹುಳಿನೀರನ್ನು ಮೆಲ್ಲಗೆ ಒರೆಸಿದರು.

ಶುಕ್ರವಾರ ಟೆಂಪೋದಲ್ಲಿ ಏಳೂ ಹೆಂಗಸರು ಹೋದರು. ಪುಷ್ಪಾವತಿ ಮುಂದೆ ಡ್ರೈವರನ ಪಕ್ಕದಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಸುಶ್ಮಿತಾಳಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಲೇ ಇದ್ದಳು. ಮಿಲ್ಲಿನ ಎತ್ತರದ ಬಾಗಿಲ ಮುಂದೆ 'ಬರ್ರಿ ಆಂಟಿ' ಎಂದು ಓಡಿ ಬಂದ ಹುಡುಗಿಯನ್ನು ನೋಡಿದ ಕೂಡಲೇ ಅವೆಲ್ಲ ಮರೆತುಹೋದವು.

ಮೊದಲ ನಾಲ್ಕನ್ನು ಬಿಚ್ಚಿದಾಗ ಸುಶ್ಮಿತಾ ಕೈಮುಗಿದಳು. ಐದನೆಯದನ್ನು ಬಿಚ್ಚಿದಾಗ ಅವಳ ಮುಖ ಬಿಗಿಯಿತು.

"ಆಂಟಿ, ಇದು ನೀವು ತೋರಿಸಿದ ಮೈ ಅಲ್ಲ."

"ಅಲ್ಲ."

"ಮೈ ಬಂದೈತಿ ಅಂದ್ರಿ ಫೋನಿನ್ಯಾಗ."

"ನಾಕಕ್ಕ ಬಂದಿತ್ತು. ಆಗ ಹೇಳಾಕ ಧೈರ್ಯ ಆಗಲಿಲ್ಲ. ಈಗ ಹೇಳಾಕ ಬಂದೇನಿ."

ಹುಡುಗಿ ಸುತ್ತ ನೋಡಿದಳು. ಸುಣ್ಣದ ಗೋಡೆ, ಎತ್ತರದ ಕಿಟಕಿಗಳಿಂದ ಇಳಿವ ಬೆಳಕು, ಒಂದು ಮೂಲೆಯಲ್ಲಿ ಧಾರವಾಡದಿಂದ ಬಂದವರು ತಮ್ಮ ಕೊಡಗಳನ್ನು ಬಿಚ್ಚುತ್ತಿದ್ದರು. ದನಿ ತಗ್ಗಿಸಿ ಹೇಳಿದಳು: "ತಪ್ಪ ತಿಳಕೋಬ್ಯಾಡ್ರಿ. ಇದು ಬಾಳ ಹೊಳಿತೈತಿ. ಅವು ನಾಕ ಮಾತಾಡತಾವು, ಇವು ಚೀರತಾವು. ನಾಕ ಇಡೂಣು. ನಡುವಿನ ಜಾಗ ನಿಮ್ದ, ಅದೇನ ಹೋಗಂಗಿಲ್ಲ."

ಗಂಡನೂ ಅದನ್ನೇ ಹೇಳಿದ್ದ. ಆಗ ಅವಳು ಒಪ್ಪಿದ್ದಳು. ಈಗ ಓದಿಕೊಂಡ, ಕಣ್ಣಿರುವ, ಅವಳನ್ನು ಇಲ್ಲಿಗೆ ಕರೆತಂದ ಹುಡುಗಿಯೇ ಹೇಳುತ್ತಿದ್ದಳು. ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು! ಹೂಂ ಅನ್ನುವುದರಲ್ಲಿ ಅವಳಿಗೆ ಒಂದು ಜೀವಮಾನದ ರೂಢಿಯಿತ್ತು.

"ಏಳೂ ಇಡಬೇಕು," ಅಂದಳು. "ಇಲ್ಲಾಂದ್ರ ಏಳೂ ವಾಪಸ್ ಒಯ್ಯತೇನಿ. ನಾಕ ಇಟ್ರ ಅದು ಅರ್ಧ ಕೆಲಸ."

ಹೇಳಿದ ಮೇಲೆ ತನ್ನ ದನಿ ತನಗೇ ಅಪರಿಚಿತವೆನಿಸಿತು. ಸುಶ್ಮಿತಾಳ ಉತ್ತರಕ್ಕೆ ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೊಂಬೆಗಳನ್ನು ತಾನೇ ಎತ್ತಿ ಇಡತೊಡಗಿದಳು. ನೆಲದ ಮೇಲೆ, ಪೀಠವಿಲ್ಲದೆ. ನಾಲ್ವರು ಬಾಗಿಲ ಕಡೆಗೆ ಬೆನ್ನು ಮಾಡಿ. ಮೂವರು ಅವರ ಆಚೆ, ಒಳಗಿನ ಅಂಚಿನಲ್ಲಿ, ಅವರದೂ ಬೆನ್ನು ಬಾಗಿಲಿಗೇ. ಅವರೆಲ್ಲರ ಮುಂದೆ ರಾಶಿಯ ಜಾಗ ಖಾಲಿ. ಒಳಗೆ ಬಂದವರಿಗೆ ಮೊದಲು ಕಾಣುವುದು ಏಳು ಬೂದಿ ಬಣ್ಣದ ಬೆನ್ನು, ಅಷ್ಟೇ.

"ಈಗೇನ ಮಾಡಬೇಕು ನಾ?" ಸುಶ್ಮಿತಾ ಕೇಳಿದಳು. ದನಿಯಲ್ಲಿ ಇನ್ನೂ ಬಿಗುಪಿತ್ತು.

"ಬಳಸಿಕೊಂಡ ಆ ಕಡೆ ಹೋಗು. ಹೋಗಿ ಕುಂದ್ರು. ನಿಂತ ನೋಡಿದ್ರ ಕಾಣಂಗಿಲ್ಲ."

ಜೀನ್ಸ್ ತೊಟ್ಟ ಹುಡುಗಿ ಒಲ್ಲದ ಮನಸ್ಸಿನಿಂದ ಸುತ್ತಿ ಹೋಗಿ, ಗೋಡೆಯ ಕಡೆ ಕುಕ್ಕರಗಾಲಿನಲ್ಲಿ ಕೂತಳು. ಕಿಟಕಿಯ ಬೆಳಕು ಅವಳ ಹಿಂದಿನಿಂದ ಬಂದು ಮೂವರ ಮೇಲೆ ಬೀಳುತ್ತಿತ್ತು. ಪುಷ್ಪಾವತಿಗೆ ಈಚೆಯಿಂದ ಕಾಣುತ್ತಿದ್ದುದು ಹುಡುಗಿಯ ಮುಖ ಮಾತ್ರ. ಮೊದಲು ಹುಬ್ಬು ಗಂಟಾಗಿತ್ತು. ಆಮೇಲೆ ತಲೆ ತುಸು ಬಾಗಿತು. ಒಬ್ಬಳ ಮೊಣಕೈಯನ್ನು ನೋಡಿದಳು, ಇನ್ನೊಬ್ಬಳ ಕೊರಳನ್ನು ನೋಡಿದಳು. ಬೆರಳು ಚಾಚಿ ಆ ಹನಿಯನ್ನು ಮುಟ್ಟಿ, ಒದ್ದೆಯಾಗಿದೆಯೇನೋ ಎಂಬಂತೆ ಬೆರಳನ್ನೇ ನೋಡಿಕೊಂಡಳು. ಎಷ್ಟೋ ಹೊತ್ತು ಏಳಲಿಲ್ಲ. ಧಾರವಾಡದ ಹೆಂಗಸೊಬ್ಬರು ಕುತೂಹಲದಿಂದ ಬಂದು, ಕೇಳದೆಯೇ ಅವಳ ಪಕ್ಕದಲ್ಲಿ ಕೂತರು.

"ಏನ ಹಾಕೀರಿ ಇದಕ್ಕ?" ಕೊನೆಗೆ ಸುಶ್ಮಿತಾ ಕೇಳಿದಳು.

"ಉಪ್ಪು."

"ಎಷ್ಟ?"

"ಗೊತ್ತಿಲ್ಲ. ನಮ್ಮತ್ತಿ ಹಾಕಿದ್ದು. ನೆದರ ತಗ್ಯಾಕ."

ಹುಡುಗಿ ತಲೆ ಎತ್ತಿ ನೋಡಿದಳು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಮತ್ತೆ ಆ ಹನಿಯ ಕಡೆ ಬಾಗಿದಳು.

"ಮತ್ತೊಮ್ಮೆ ಹಿಂಗ ಬರತೈತೇನ್ರಿ?"

"ಅದೂ ಗೊತ್ತಿಲ್ಲ. ಸಣ್ಣ ಬಿಲ್ಲಿ ಮ್ಯಾಲ ಮಾಡಿ ನೋಡಬೇಕು. ಎಷ್ಟ ಕಾವಿಗೆ, ಎಷ್ಟ ಸರ್ತಿ, ಎಲ್ಲಿಂದ ಹಾಕಬೇಕು... ಒಂದ ವರ್ಷರ ಬೇಕು." ಹೇಳುತ್ತ ಹೇಳುತ್ತ ಪುಷ್ಪಾವತಿಯ ದನಿಗೆ ಆ ಒಂದು ವರ್ಷ ಈಗಲೇ ಶುರುವಾದಂಥ ಆತುರ ಬಂತು.

ಸುಶ್ಮಿತಾ ಮೊಣಕಾಲು ಹಿಡಿದುಕೊಂಡು ಎದ್ದಳು. ಮೇಲಿನ ದೀಪಗಳನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದಳು.

"ಯಲ್ಲೇಶಣ್ಣಾ," ಎಂದು ತಂತಿ ಎಳೆಯುತ್ತಿದ್ದವನನ್ನು ಕೂಗಿದಳು. "ಏಣಿ ತಗೊಂಡ ಬಾ. ಈ ಲೈಟ ಎಲ್ಲಾ ತಗಿ. ಮುಂಜಾನಿ ಮಾಡಿದ್ದೆಲ್ಲಾ ಬದಲಾಗಬೇಕು."

"ಮತ್ತ ಬದಲೇನವ್ವಾ?" ಅವನು ಗೊಣಗುತ್ತ ಏಣಿ ಎಳೆದು ತಂದ.

ಪುಷ್ಪಾವತಿ ಬಾಗಿ, ಒಳಗಿನ ಸಾಲಿನ ಕೊನೆಯವಳನ್ನು ಕಿಟಕಿಯ ಕಡೆಗೆ ತುಸು ತಿರುಗಿಸಿದಳು. ಇನ್ನೂ ತುಸು. ಅಲ್ಲಿಗೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.